ತೂಕ ಇಳಿಸುವ ಸೂಜಿ: ಡಾಕ್ಟ್ರು ಮೊಬೈಲಿನಲ್ಲಿ, ಹೊಣೆ ಯಾರ ಹೆಗಲಲ್ಲಿ?

ಮಂಗಳೂರಿನಲ್ಲಿ ಕಣ್ಣು ಮುಚ್ಚಿ ಕಲ್ಲು ಬಿಸಾಡಿದರೆ ಅದು ಒಂದೋ ಬ್ಯಾಂಕಿನ ಬಾಗಿಲಿಗೆ ತಾಗುತ್ತದೆ, ಇಲ್ಲವೇ ಡಾಕ್ಟರ ಬೋರ್ಡಿಗೆ ಎಂದು ತಮಾಷೆಗೆ ಹೇಳುವುದುಂಟು. ಬ್ಯಾಂಕಿನ ಕತೆ ಬೇರೆಯಾಯಿತು. ವಿಜಯಾ ಬ್ಯಾಂಕು 2019ರಲ್ಲಿ, ಕಾರ್ಪೊರೇಶನ್ ಬ್ಯಾಂಕು 2020ರಲ್ಲಿ ದೊಡ್ಡ ಬ್ಯಾಂಕುಗಳ ಹೊಟ್ಟೆಯೊಳಗೆ ಹೋದುವು. ಡಾಕ್ಟರ ಬೋರ್ಡುಗಳಿಗೆ ಮಾತ್ರ ಬರಗಾಲ ಬರಲಿಲ್ಲ. ಹಂಪನಕಟ್ಟೆಯಲ್ಲಿ ವೆನ್ಲಾಕ್, ಅಲ್ಲೇ ಹತ್ತಿರ ಹೆಂಗಸರಿಗೆಂದೇ ಇರುವ ಲೇಡಿಗೋಷನ್, ಅತ್ತಾವರದಲ್ಲೂ ಜ್ಯೋತಿಯಲ್ಲೂ ಕೆಎಂಸಿ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್, ಕುಂಟಿಕಾನದಲ್ಲಿ ಎ.ಜೆ., ದೇರಳಕಟ್ಟೆಗೆ ಹೋದರೆ ಮೆಡಿಕಲ್ ಕಾಲೇಜುಗಳ ಸಾಲೇ ಉಂಟು. ಕೇರಳದಿಂದ, ಮಲೆನಾಡಿನಿಂದ ರೋಗಿಗಳು ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ.

ಇಂಥ ಊರಿನ ಹೆಂಗಸರು ತಮ್ಮ ಮೈ ತೂಕದ ವಿಷಯಕ್ಕೆ ಡಾಕ್ಟರನ್ನು ಹುಡುಕುತ್ತಿರುವುದು ಎಲ್ಲಿ? ಮೊಬೈಲಿನಲ್ಲಿ.

ಸ್ಟೇಟ್‌ಬ್ಯಾಂಕಿನಿಂದ ಹೊರಡುವ ಯಾವ ಬಸ್ಸಿನ ಎದುರು ಸೀಟುಗಳಲ್ಲಾದರೂ ಕಿವಿಗೊಟ್ಟರೆ ಈ ಮಾತು ಕೇಳಲಿಕ್ಕೆ ಸಿಗುತ್ತದೆ. “ಎಂತ ಮಾರಾಯ್ತಿ, ಇಷ್ಟು ಸಪೂರ ಆಗಿದ್ದಿ?” ಎಂಬ ಪ್ರಶ್ನೆಗೆ ಹಿಂದೆ ಜವಾಬು ಕದ್ರಿ ಪಾರ್ಕಿನ ವಾಕಿಂಗು, ಬಿಸಿನೀರಿಗೆ ಹಿಂಡಿದ ಲಿಂಬೆ, ರಾತ್ರಿ ಊಟ ಬಿಟ್ಟದ್ದು, ಹೀಗೆ. ಈಗಿನ ಜವಾಬು ತಗ್ಗಿದ ಸ್ವರದಲ್ಲಿ ಬರುತ್ತದೆ. ವಾರಕ್ಕೊಂದು ಸೂಜಿ. ಆಸ್ಪತ್ರೆಗೆ ಹೋಗಲಿಕ್ಕಿಲ್ಲ. ಫೋನಿನಲ್ಲೇ ಡಾಕ್ಟ್ರು, ಫೋನಿನಲ್ಲೇ ಚೀಟಿ, ಮದ್ದು ಮನೆ ಬಾಗಿಲಿಗೆ.

ಸೂಜಿ ಬಂದ ದಾರಿ

ಮೊದಲೇ ಒಂದು ಮಾತು ಸ್ಪಷ್ಟ ಮಾಡಬೇಕು. ಈ ಮದ್ದು ಬೋಗಸ್ಸಲ್ಲ. ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ “15 ದಿನದಲ್ಲಿ 10 ಕಿಲೋ” ಎಂಬ ಚೀಟಿಯ ಜಾತಿಯದ್ದೂ ಅಲ್ಲ. ಊಟ ಮಾಡಿದಾಗ ಕರುಳಿನಲ್ಲಿ ಹುಟ್ಟಿ, “ಸಾಕು, ಹೊಟ್ಟೆ ತುಂಬಿತು” ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ಒಂದು ಹಾರ್ಮೋನು ಉಂಟು. ಅದರಂತೆಯೇ ಕೆಲಸ ಮಾಡುವ ವಸ್ತುವನ್ನು ಸೂಜಿಯಲ್ಲಿ ಕೊಡುತ್ತಾರೆ. ಹಸಿವು ತಗ್ಗುತ್ತದೆ, ಜಠರದಿಂದ ಊಟ ಕೆಳಗಿಳಿಯುವುದು ನಿಧಾನವಾಗುತ್ತದೆ. ಈ ಜಾತಿಯ ಮೊದಲ ಮದ್ದಿನ ಮೂಲ ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲು ಎಂದರೆ ನಮ್ಮ ಅಜ್ಜಿಯಂದಿರು ನಂಬುತ್ತಿರಲಿಲ್ಲ. ಆದರೆ ಸಂಗತಿ ನಿಜ. ಆ ಮದ್ದು 2005ರಲ್ಲಿ ಸಕ್ಕರೆ ಕಾಯಿಲೆಗೆಂದು ಅಮೆರಿಕದ ಪೇಟೆಗೆ ಬಂತು. ತೂಕ ಇಳಿಸುವ ಗುಣ ಆಮೇಲೆ ದೊಡ್ಡ ವ್ಯಾಪಾರವಾಯಿತು.

ಸೆಮಾಗ್ಲುಟೈಡ್ ಎಂಬ ಮದ್ದನ್ನು 1,961 ಜನರ ಮೇಲೆ 68 ವಾರ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿದಿತ್ತು. 80 ಕಿಲೋ ಇದ್ದವರು 68ಕ್ಕೆ ಬಂದ ಹಾಗೆ. ಟಿರ್ಜೆಪಟೈಡ್ ಎಂಬ ಇನ್ನೊಂದು ಮದ್ದಿನ ಹೆಚ್ಚಿನ ಡೋಸಿನಲ್ಲಿ ಇಳಿಕೆ ನೂರಕ್ಕೆ 20 ದಾಟಿತು. ಮೊಣಗಂಟು ಸವೆದು, ಸಕ್ಕರೆ, ಬಿ.ಪಿ. ಎರಡೂ ಏರಿ, ಮೆಟ್ಟಿಲು ಹತ್ತಲಿಕ್ಕಾಗದೆ ಕಷ್ಟಪಡುವ ಹೆಂಗಸಿಗೆ ಇದು ಸಣ್ಣ ಸಂಗತಿಯಲ್ಲ. ಅಂಥವಳು ಸೂಜಿ ಚುಚ್ಚಿಸಿಕೊಂಡರೆ ನಗುವವರಿಗೆ ಬುದ್ಧಿ ಇಲ್ಲ ಎನ್ನಬೇಕು.

ಎಲಿ ಲಿಲ್ಲಿ ಕಂಪೆನಿಯ ಮೌಂಜಾರೊ 2025ರ ಮಾರ್ಚಿನಲ್ಲಿ ಭಾರತಕ್ಕೆ ಬಂತು. ಸುರುವಿನ ಡೋಸಿನ ಒಂದು ಬಾಟ್ಲಿಗೆ 3,500 ರೂಪಾಯಿ, ಅದರ ಮೇಲಿನದ್ದಕ್ಕೆ 4,375. ವಾರಕ್ಕೊಂದರಂತೆ ತಿಂಗಳಿಗೆ 14,000ದಿಂದ 17,500. ಜೂನಿನಲ್ಲಿ ನೊವೊ ನಾರ್ಡಿಸ್ಕ್ ಕಂಪೆನಿಯ ವೆಗೊವಿ ಬಂತು, ತಿಂಗಳಿಗೆ 17,345 ರೂಪಾಯಿಯಿಂದ ಸುರು. ಹಂಪನಕಟ್ಟೆಯ ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯ ಇಡೀ ತಿಂಗಳ ದುಡಿಮೆಗೆ ಸಮ ಅದು. ಹಾಗಾಗಿ ಆಗ ಇದು ದೊಡ್ಡವರ ಮನೆಯ ಸುದ್ದಿಯಾಗಿತ್ತು. ನವೆಂಬರಿನಲ್ಲಿ ವೆಗೊವಿಯ ಸುರುವಿನ ಡೋಸು 10,850ಕ್ಕೆ ಇಳಿಯಿತು. 2026ರ ಮಾರ್ಚಿನಲ್ಲಿ ಸೆಮಾಗ್ಲುಟೈಡಿನ ಪೇಟೆಂಟು ನಮ್ಮ ದೇಶದಲ್ಲಿ ಮುಗಿದು ದೇಶೀ ಕಂಪೆನಿಗಳು ಕಣಕ್ಕಿಳಿದ ಮೇಲೆ ಖರ್ಚು ಕೆಲವೇ ಸಾವಿರಕ್ಕೆ ಬಂತು. ಬೆಲೆ ಇಳಿದದ್ದು ಒಳ್ಳೆಯದೇ. ಆದರೆ ಬೆಲೆ ಇಳಿದಾಗ ಗಿರಾಕಿ ಹೆಚ್ಚುತ್ತಾರೆ, ಗಿರಾಕಿ ಹೆಚ್ಚಿದಲ್ಲಿ ದಲಾಲರು ಹೆಚ್ಚುತ್ತಾರೆ. ಬಂದರಿನ ಮೀನು ವ್ಯಾಪಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐದು ನಿಮಿಷದ ಡಾಕ್ಟ್ರು

ಫೋನಿನ ಡಾಕ್ಟರಿಕೆ ಕಾನೂನಿಗೆ ವಿರುದ್ಧವೇ? ಅಲ್ಲ. ಕೊರೊನಾ ಲಾಕ್‌ಡೌನ್ ಸುರುವಾದ ದಿನವೇ, ಅಂದರೆ 2020ರ ಮಾರ್ಚ್ 25ರಂದು, ಕೇಂದ್ರ ಸರಕಾರ ಟೆಲಿಮೆಡಿಸಿನ್ ನಿಯಮಗಳನ್ನು ಹೊರಡಿಸಿತು. ಭಾರತದಲ್ಲಿ ನೋಂದಾಯಿಸಿದ ಯಾವ ಡಾಕ್ಟರೂ ದೇಶದ ಯಾವ ಮೂಲೆಯ ರೋಗಿಯನ್ನೂ ಫೋನಿನಲ್ಲಿ, ವಿಡಿಯೋದಲ್ಲಿ ವಿಚಾರಿಸಬಹುದು. ಸರಕಾರದ್ದೇ ಇ-ಸಂಜೀವಿನಿ ದುಡ್ಡಿಲ್ಲದೆ ಆ ಕೆಲಸ ಮಾಡುತ್ತದೆ. ಸುಳ್ಯದ ಮೂಲೆಯ ಮುದುಕಿಗೆ ಬಿ.ಪಿ. ಗುಳಿಗೆ ಮುಂದುವರಿಸಲಿಕ್ಕೆ ಮಂಗಳೂರಿಗೆ ಬರುವ ಕಷ್ಟ ತಪ್ಪಿದರೆ ಬೇಡ ಎನ್ನುವವರು ಯಾರು?

ಆದರೆ ಅದೇ ನಿಯಮದಲ್ಲಿ ಬೇರೆ ಮಾತುಗಳೂ ಉಂಟು. ಮದ್ದುಗಳನ್ನು ಪಟ್ಟಿ ಮಾಡಿ ಬೇರ್ಪಡಿಸಿದ್ದಾರೆ. ಚೀಟಿ ಇಲ್ಲದೆ ಸಿಗುವಂಥ ಮದ್ದನ್ನು ಹೇಗೆ ಮಾತಾಡಿಯೂ ಸೂಚಿಸಬಹುದು. ಮೊದಲ ಭೇಟಿಯಲ್ಲೇ ಬರೆಯಬಹುದಾದ, ಅಪಾಯ ಕಡಿಮೆಯ ಮದ್ದುಗಳಿಗೆ ವಿಡಿಯೋದಲ್ಲಿ ಮುಖ ನೋಡಬೇಕು. ಇನ್ನು ಕೆಲವು ಮದ್ದುಗಳು ಮೊದಲೇ ಎದುರಾಎದುರು ನೋಡಿದ ರೋಗಿಗೆ, ಅದೇ ಕಾಯಿಲೆಗೆ, ಮುಂದಿನ ಭೇಟಿಯಲ್ಲಿ ಮಾತ್ರ. ರೋಗ ಇಂಥದ್ದು ಎಂದು ತೀರ್ಮಾನಕ್ಕೆ ಬಾರದೆ ಮದ್ದು ಬರೆದರೆ ಅದು ವೃತ್ತಿಗೆ ಮಾಡಿದ ದ್ರೋಹ. ಡಾಕ್ಟರ ನೋಂದಣಿ ನಂಬರು ಚೀಟಿಯಲ್ಲಿ ಇರಲೇಬೇಕು. ರೋಗಿ ಯಾರು, ಪ್ರಾಯ ಎಷ್ಟು ಎಂದು ವಿಚಾರಿಸಲೇಬೇಕು. ಯಂತ್ರದ ಬುದ್ಧಿ ಡಾಕ್ಟರಿಗೆ ಸಹಾಯ ಮಾಡಬಹುದೇ ಹೊರತು ತಾನೇ ಮದ್ದು ಬರೆಯುವ ಹಾಗಿಲ್ಲ.

ಈಗ ವ್ಯವಹಾರ ಹೇಗೆ ನಡೆಯುತ್ತದೆ ನೋಡಿ. ಒಬ್ಬಾಕೆ ಎಂದು ಇಟ್ಟುಕೊಳ್ಳೋಣ. 35ರ ಪ್ರಾಯ, ಎರಡು ಮಕ್ಕಳು, 5 ಅಡಿ 2 ಇಂಚು ಎತ್ತರ, 62 ಕಿಲೋ. ಮೇ ತಿಂಗಳಲ್ಲಿ ತಂಗಿಯ ಮದುವೆ. ರಾತ್ರಿ ಪಾತ್ರೆ ತೊಳೆದು ಮುಗಿಸಿ ಮೊಬೈಲು ಹಿಡಿದರೆ ಜಾಹೀರಾತು ಬರುತ್ತದೆ. ಎತ್ತರ ಎಷ್ಟು, ತೂಕ ಎಷ್ಟು, ಸಕ್ಕರೆ ಕಾಯಿಲೆ ಉಂಟೋ, ಥೈರಾಯ್ಡ್ ಉಂಟೋ ಎಂದು ನಾಲ್ಕಾರು ಪ್ರಶ್ನೆ. ಬೆರಳಿನಲ್ಲಿ ಒತ್ತಿದರೆ ಆಯಿತು. ತೂಕಕ್ಕೆ ಕೊಡುವ ಈ ಮದ್ದಿಗೆ ಒಂದು ಅಳತೆಗೋಲು ಉಂಟು. ಬಿಎಂಐ ಎಂಬ ಲೆಕ್ಕ 30 ಅಥವಾ ಮೇಲಿರಬೇಕು. ಸಕ್ಕರೆಯೋ ಬಿ.ಪಿ.ಯೋ ಜೊತೆಗಿದ್ದರೆ 27 ಆದರೂ ಸಾಕು. ಈ ಎತ್ತರದ ಹೆಂಗಸಿಗೆ 30 ಎಂದರೆ ಸುಮಾರು 74 ಕಿಲೋ. ಆಕೆಯ 62 ಕಿಲೋಗೆ ಬಿಎಂಐ 25. ಮದ್ದು ಸಿಗಬಾರದು. ಆದರೆ 62ರ ಜಾಗದಲ್ಲಿ 75 ಎಂದು ಒತ್ತಿದರೆ ಮೊಬೈಲು ನಂಬುತ್ತದೆ. ವೆನ್ಲಾಕಿನ ನರ್ಸು ನಂಬುವುದಿಲ್ಲ. “ಚಪ್ಪಲಿ ತೆಗೆದು ಹತ್ತಮ್ಮ” ಎನ್ನುತ್ತಾಳೆ.

ಇಲ್ಲಿರುವುದು ಇಷ್ಟೇ ವ್ಯತ್ಯಾಸ. ಇಡೀ ಪ್ರಶ್ನೆ ನಿಂತಿರುವುದೂ ಈ ವ್ಯತ್ಯಾಸದ ಮೇಲೆಯೇ.

ಎಲ್ಲಾ ಆನ್‌ಲೈನ್ ಕ್ಲಿನಿಕ್ಕುಗಳೂ ಹೀಗೆ ಎಂದು ಯಾರೂ ಹೇಳುತ್ತಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ವಿಡಿಯೋದಲ್ಲಿ ಅರ್ಧ ತಾಸು ಮಾತಾಡಿಸಿ, “ನಿಮಗೆ ಈ ಮದ್ದು ಬೇಡ” ಎಂದು ವಾಪಸು ಕಳಿಸುವ ಡಾಕ್ಟರೂ ಇರುತ್ತಾರೆ. ಆದರೆ ಡಾಕ್ಟರಿಗೆ ಸಂಬಳ ಕೊಡುವವನೇ ಮದ್ದು ಮಾರುವವನೂ ಆದರೆ, “ಬೇಡ” ಎನ್ನುವ ಡಾಕ್ಟ್ರು ಎಷ್ಟು ದಿವಸ ಆ ಕುರ್ಚಿಯಲ್ಲಿ ಉಳಿದಾರು? ಅಂಗಡಿ ಇಟ್ಟವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಗಿರಾಕಿಯನ್ನು ಖಾಲಿ ಕೈಯಲ್ಲಿ ಕಳಿಸುವ ಸೇಲ್ಸ್‌ಮನ್ನನ್ನು ಯಾವ ಧಣಿಯೂ ಇಟ್ಟುಕೊಳ್ಳುವುದಿಲ್ಲ.

ಬ್ರಿಟನ್ನಿನಲ್ಲಿ ಇದೇ ಸಮಸ್ಯೆ ನಮಗಿಂತ ಮೊದಲೇ ಬಂತು. ಅಲ್ಲಿನ ಔಷಧದಂಗಡಿಗಳ ನಿಯಂತ್ರಣ ಮಂಡಳಿ 2025ರ ಫೆಬ್ರವರಿಯಲ್ಲಿ ಖಡಕ್ಕಾಗಿ ಹೇಳಿತು: ತೂಕದ ಮದ್ದಿಗೆ ಗಿರಾಕಿ ತುಂಬಿಸಿದ ಪ್ರಶ್ನೆಪತ್ರಿಕೆ ಒಂದನ್ನೇ ನಂಬುವ ಹಾಗಿಲ್ಲ, ಎತ್ತರ ತೂಕವನ್ನು ಬೇರೆ ದಾರಿಯಿಂದ ಖಾತ್ರಿ ಮಾಡಿಕೊಳ್ಳಬೇಕು, ವಿಡಿಯೋದಲ್ಲಿ ನೋಡಿಯೋ, ಎದುರು ಕೂರಿಸಿಯೋ, ಮನೆ ಡಾಕ್ಟರ ದಾಖಲೆ ತರಿಸಿಯೋ. ಅಮೆರಿಕದಲ್ಲಿ ಔಷಧ ಇಲಾಖೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಆನ್‌ಲೈನ್ ಕಂಪೆನಿಗಳಿಗೆ ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಎಚ್ಚರಿಕೆ ಪತ್ರ ಕಳಿಸಿತು.

ಹೆಂಗಸರಿಗೆ ಹೇಳದೆ ಬಿಟ್ಟದ್ದು

ಜಾಹೀರಾತಿನಲ್ಲಿ ಹೆಂಗಸರ ಚಿತ್ರ, ಹೆಂಗಸರ ಹೆಸರಿನ ಪ್ಯಾಕೇಜು, ಎಲ್ಲಾ ಉಂಟು. ಹೆಂಗಸರಿಗೆ ತಿಳಿದಿರಬೇಕಾದ ಮಾತು ಮಾತ್ರ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ.

ಈ ಮದ್ದು ತೆಗೆದುಕೊಳ್ಳುವಾಗ ಬಸುರಿಯಾಗಬಾರದು. ಸೆಮಾಗ್ಲುಟೈಡ್ ತೆಗೆದುಕೊಳ್ಳುವವಳು ಮಗು ಬೇಕೆಂದಿದ್ದರೆ ಕಡಿಮೆಯೆಂದರೆ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಸುರು ಮಾಡಿದ ನಾಲ್ಕು ವಾರ, ಆಮೇಲೆ ಡೋಸು ಏರಿಸಿದಾಗೆಲ್ಲ ಮತ್ತೆ ನಾಲ್ಕು ವಾರ, ಗರ್ಭನಿರೋಧಕ ಗುಳಿಗೆಯನ್ನು ಮಾತ್ರ ನಂಬಿ ಕೂರುವ ಹಾಗಿಲ್ಲ. ಜಠರ ನಿಧಾನವಾದುದರಿಂದ ಗುಳಿಗೆ ಮೈಗೆ ಹತ್ತುವುದು ಏರುಪೇರಾಗುತ್ತದೆ. ಇನ್ನೊಂದು ವಿಚಿತ್ರ. ಪಿಸಿಒಡಿ ಎಂದು ಮುಟ್ಟು ಸರಿಯಾಗಿ ಆಗದೆ, ಮಕ್ಕಳಾಗುವುದಿಲ್ಲವೇನೋ ಎಂದುಕೊಂಡಿದ್ದವರಲ್ಲಿ ತೂಕ ಇಳಿದಾಗ ಮುಟ್ಟು ಸರಿಯಾಗಿ ಗರ್ಭ ನಿಲ್ಲುವುದುಂಟು. 2025ರ ಜೂನಿನಲ್ಲಿ ಬ್ರಿಟನ್ನಿನ ಔಷಧ ಇಲಾಖೆ ಇದೇ ವಿಷಯಕ್ಕೆ ಹೆಂಗಸರಿಗೆಂದೇ ಎಚ್ಚರಿಕೆ ಹೊರಡಿಸಬೇಕಾಯಿತು. ಇದನ್ನೆಲ್ಲ ಒಬ್ಬ ಹೆಂಗಸಿನ ಹತ್ತಿರ ಕೇಳಬೇಕಾದರೆ ಬಾಗಿಲು ಹಾಕಿದ ಕೋಣೆ ಬೇಕು, ಅವಳಿಗೆ ಅರ್ಥವಾಗುವ ಭಾಷೆ ಬೇಕು. ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಹೇಳಿಕೊಳ್ಳುವ ಗುಟ್ಟನ್ನು ಹೊರರಾಜ್ಯದಲ್ಲಿ ಕೂತ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳು ಎಂದರೆ ಹೇಗೆ?

ವಾಕರಿಕೆ, ವಾಂತಿ, ಮಲಬದ್ಧತೆ ಹೆಚ್ಚಿನವರಿಗೆ ಬರುತ್ತದೆ, ಕ್ರಮೇಣ ಕಡಿಮೆಯಾಗುತ್ತದೆ. ಪಿತ್ತಕೋಶದಲ್ಲಿ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪ. ಬಂದರೆ ಮಾತ್ರ ಆಸ್ಪತ್ರೆಯ ಹಾಸಿಗೆಯೇ ಗತಿ. ಮನೆಯವರಲ್ಲಿ ಯಾರಿಗಾದರೂ ಮೆಡುಲ್ಲರಿ ಎಂಬ ಜಾತಿಯ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಈ ಮದ್ದನ್ನು ಮುಟ್ಟಲೇಬಾರದು. ಆಪರೇಶನ್ನಿಗೆ ಅರಿವಳಿಕೆ ಕೊಡುವ ಮೊದಲು “ಈ ಸೂಜಿ ತೆಗೊಳ್ತಾ ಇದ್ದೇನೆ” ಎಂದು ಹೇಳದಿದ್ದರೆ, ಖಾಲಿ ಹೊಟ್ಟೆ ಎಂದುಕೊಂಡ ಹೊಟ್ಟೆ ಖಾಲಿ ಇರುವುದಿಲ್ಲ. ಗಂಡನಿಗೂ ಅತ್ತೆಗೂ ಗೊತ್ತಾಗದ ಹಾಗೆ ಮದ್ದು ತರಿಸಿಕೊಂಡವಳು ಆಪರೇಶನ್ ಕೋಣೆಯಲ್ಲಿ ಬಾಯಿ ಬಿಡುತ್ತಾಳೆಯೇ?

ಬಿಟ್ಟರೆ ಏನಾಗುತ್ತದೆ ಎಂಬುದು ಇನ್ನೊಂದು. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸು ಬಂದಿತ್ತು. ಅಂದರೆ ಇದು ಮದುವೆಗೆ ಮೊದಲಿನ ಮೂರು ತಿಂಗಳ ಪ್ಯಾಕೇಜಲ್ಲ. ಬಿ.ಪಿ. ಗುಳಿಗೆಯ ಹಾಗೆ ವರ್ಷಗಟ್ಟಲೆಯ ಸಂಬಂಧ. ತಿಂಗಳ ಕಂತು ಕಟ್ಟುವ ಮೊದಲು ಈ ಮಾತು ಹೇಳಿದವರು ಯಾರು?

ಹಳೆಯ ಕತೆಯೂ ಒಂದು ಉಂಟು. ತೂಕ ಇಳಿಸುವ ಮದ್ದು ಎಂದು ಹಿಂದೆಯೂ ಪೇಟೆಗೆ ಬಂದು ಹೊಗಳಿಸಿಕೊಂಡವು ಇದ್ದುವು. ಫೆನ್‌ಫ್ಲುರಮಿನ್ ಹೃದಯದ ಕವಾಟ ಕೆಡಿಸುತ್ತದೆ ಎಂದು ಹೋಯಿತು. ರಿಮೋನಬಂಟ್ ಮನಸ್ಸು ಕುಗ್ಗಿಸುತ್ತದೆ ಎಂದು ಹೋಯಿತು. ಸಿಬುಟ್ರಮಿನ್ ಗುಳಿಗೆ ಹೃದಯಾಘಾತದ ಭಯದಿಂದ 2010ರಲ್ಲಿ ಹೊರದೇಶಗಳಲ್ಲಿ ನಿಂತು, 2011ರಲ್ಲಿ ನಮ್ಮಲ್ಲೂ ನಿಷೇಧವಾಯಿತು. ಈಗಿನ ಸೂಜಿಯ ಪರೀಕ್ಷೆಗಳು ಅವುಗಳಿಗಿಂತ ಎಷ್ಟೋ ದೊಡ್ಡವು, ಕೆಲವು ರೋಗಿಗಳಲ್ಲಿ ಹೃದಯಕ್ಕೆ ಒಳ್ಳೆಯದೇ ಎಂದೂ ಕಂಡಿದೆ. ಆದರೂ ಸಿಬುಟ್ರಮಿನ್ ಕಾಲದಲ್ಲಿ ಗುಳಿಗೆ ನುಂಗಿದವಳಿಗೆ ಎದೆ ಹೊಡೆದುಕೊಂಡರೆ ಹೋಗಿ ಕೇಳಲಿಕ್ಕೆ ಒಬ್ಬ ಡಾಕ್ಟರಾದರೂ ಊರಿನಲ್ಲಿ ಇದ್ದ.

ಕ್ಲಿನಿಕ್ಕಿಗೆ ಯಾಕೆ ಹೋಗುವುದಿಲ್ಲ?

ಆಸ್ಪತ್ರೆಗಳ ಊರಿನಲ್ಲಿ ಹೆಂಗಸರು ಮೊಬೈಲು ಹಿಡಿಯುವುದಕ್ಕೆ ಆಸ್ಪತ್ರೆಗಳೇ ಸ್ವಲ್ಪ ಕಾರಣ. ಸೊಂಟ ನೋವು ಎಂದು ಹೋದವಳಿಗೆ, “ಮೊದಲು ತಿನ್ನುವುದು ಕಡಿಮೆ ಮಾಡಿ” ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿ ಕಳಿಸುವ ಡಾಕ್ಟರುಗಳು ಇಲ್ಲವೇ? ಮೊಬೈಲು ನಗುವುದಿಲ್ಲ, ಬೈಯುವುದಿಲ್ಲ. ರಜೆ ಹಾಕಿ ಅರ್ಧ ದಿವಸ ಬೆಂಚಿನಲ್ಲಿ ಕೂರಿಸುವುದೂ ಇಲ್ಲ.

ತಿನ್ನುವುದೊಂದೇ ಕಾರಣ ಎನ್ನುವವರು ಬೀಡಿ ಕಟ್ಟುವ ಹೆಂಗಸರನ್ನು ನೋಡಬೇಕು. ಮೊರ ಮಡಿಲಲ್ಲಿಟ್ಟು ಬೆಳಗಿನಿಂದ ಸಂಜೆವರೆಗೆ ಕೂತಲ್ಲೇ ಕೂತು ಮಕ್ಕಳನ್ನು ಓದಿಸಿದವರು ಈ ಜಿಲ್ಲೆಯಲ್ಲಿ ಮನೆ ಮನೆಯಲ್ಲಿದ್ದಾರೆ. ಅವರ ಮಕ್ಕಳು ಈಗ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಬಾವಿಯ ನೀರು ಪಂಪಿಗೆ ಹೋಯಿತು, ಅರೆಯುವ ಕಲ್ಲು ಅಂಗಳಕ್ಕೆ ಹೋಯಿತು, ಸಂಜೆಯ ಗೋಳಿಬಜೆ ಮಾತ್ರ ಇದ್ದಲ್ಲೇ ಉಂಟು. ಸರಕಾರದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ 23 ಮಂದಿ ತೂಕ ಹೆಚ್ಚಿದವರು. 2019-21ಕ್ಕೆ ಅದು 30. ಇದನ್ನು ಚಂದದ ವಿಷಯ ಎಂದು ತಳ್ಳಿಹಾಕಲಿಕ್ಕಾಗುವುದಿಲ್ಲ. ಇದು ಕಾಯಿಲೆಯ ವಿಷಯ. ಕಾಯಿಲೆ ಎಂದಾದ ಮೇಲೆ ಅದಕ್ಕೆ ಮರ್ಯಾದೆಯಿಂದ ಮಾತಾಡಿಸುವ ಒಂದು ಒ.ಪಿ.ಡಿ. ಬೇಕು. ವಾರಕ್ಕೊಂದು ದಿನ, ಹೆಂಗಸರಿಗೆಂದೇ, ಲೇಡಿಗೋಷನಿನಲ್ಲೋ ವೆನ್ಲಾಕಿನಲ್ಲೋ ಒಂದು ಕೋಣೆ ತೆರೆದರೆ ಮೊಬೈಲಿನ ವ್ಯಾಪಾರ ಅರ್ಧ ತಾನಾಗಿಯೇ ಬಿದ್ದೀತು.

ಕೌಂಟರಿನ ಆಚೆ, ಈಚೆ

ಮೆಡಿಕಲ್ ಶಾಪಿನವರ ಸಂಕಟ ಬೇರೆ. ಇದು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಮದ್ದು. 1940ರ ಔಷಧ ಕಾಯಿದೆಯ ಪ್ರಕಾರ ಅಂಗಡಿಗೆ ಲೈಸೆನ್ಸ್ ಬೇಕು, ಫಾರ್ಮಸಿಸ್ಟ್ ಬೇಕು, ಬಿಲ್ಲು ಬೇಕು, ಇನ್‌ಸ್ಪೆಕ್ಟರ್ ಬಂದರೆ ಪುಸ್ತಕ ತೋರಿಸಬೇಕು. ಆನ್‌ಲೈನ್ ಮದ್ದಿನಂಗಡಿಗೆ ಪ್ರತ್ಯೇಕ ನಿಯಮ ಮಾಡುತ್ತೇವೆ ಎಂದು ಕೇಂದ್ರ ಸರಕಾರ ಕರಡು ಹೊರಡಿಸಿದ್ದು 2018ರ ಆಗಸ್ಟಿನಲ್ಲಿ. ಮುಂದಿನ ತಿಂಗಳೇ ದೇಶದ ಔಷಧ ವ್ಯಾಪಾರಿಗಳು ಬಂದ್ ಮಾಡಿದರು. ಲೈಸೆನ್ಸಿಲ್ಲದ ಆನ್‌ಲೈನ್ ಮಾರಾಟ ಕೂಡದು ಎಂದು ದಿಲ್ಲಿ ಹೈಕೋರ್ಟು ಆ ಡಿಸೆಂಬರಿನಲ್ಲೇ ಹೇಳಿತು. ಕರಡು ಮಾತ್ರ ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. 1954ರ ಕಾಯಿದೆಯೊಂದರಲ್ಲಿ ಇಂತಿಂಥ ಕಾಯಿಲೆಗೆ ಮದ್ದೆಂದು ಜಾಹೀರಾತು ಕೊಡಬಾರದು ಎಂಬ ಪಟ್ಟಿ ಉಂಟು. ಅದರಲ್ಲಿ ಬೊಜ್ಜು ಕೂಡ ಸೇರಿದೆ. ಅದಕ್ಕೇ ಜಾಹೀರಾತಿನವರು ಮದ್ದಿನ ಹೆಸರು ಎತ್ತುವುದಿಲ್ಲ, “ವೈದ್ಯರ ಮಾರ್ಗದರ್ಶನ” ಎನ್ನುತ್ತಾರೆ. ಕಾನೂನು ಓದಿಯೇ ಬರೆದ ಜಾಹೀರಾತು!

ಸಾಗಣೆಯ ವಿಷಯವೂ ಉಂಟು. ಈ ಸೂಜಿಮದ್ದು 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಮೌಂಜಾರೊ ಹೊರಗಿಟ್ಟರೆ 21 ದಿನ ತಡೆದೀತು, ಅದೂ 30 ಡಿಗ್ರಿ ಮೀರದಿದ್ದರೆ. ಮಂಗಳೂರಿನ ಎಪ್ರಿಲ್, ಮೇ ತಿಂಗಳಲ್ಲಿ 30 ಡಿಗ್ರಿ ಮೀರದ ಮಧ್ಯಾಹ್ನ ಯಾವುದು? ಬಿಸಿಲಿನಲ್ಲಿ ನಿಂತ ಕೊರಿಯರ್ ಗಾಡಿಯೊಳಗಿನ ಪೆಟ್ಟಿಗೆ ಎಷ್ಟು ಬಿಸಿಯಾಯಿತು ಎಂದು ಬರೆದಿಟ್ಟವರು ಯಾರು? ಇನ್ನು ಗಲ್ಫಿನಿಂದ ಚಿನ್ನ, ಅತ್ತರು, ಹಾಲಿನ ಪುಡಿ ಬಂದ ಬ್ಯಾಗುಗಳಲ್ಲಿ ಈ ಪೆನ್ನುಗಳೂ ಬಂದರೆ ಆಶ್ಚರ್ಯವಿಲ್ಲ. ಓಜೆಂಪಿಕ್ ಹೆಸರಿನ ನಕಲಿ ಮಾಲು ಬ್ರೆಜಿಲ್, ಬ್ರಿಟನ್, ಅಮೆರಿಕದಲ್ಲಿ ಸಿಕ್ಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನಿನಲ್ಲೇ ಸಾರಿತ್ತು. ಬಿಲ್ಲಿಲ್ಲದ ಪೆನ್ನಿನೊಳಗೆ ಏನಿದೆ ಎಂದು ತಂದುಕೊಟ್ಟ ಭಾವನಿಗೂ ಗೊತ್ತಿರುವುದಿಲ್ಲ.

ಊರಿನ ಕ್ಲಿನಿಕ್ಕಿಗೆ ಜಿಲ್ಲೆಯ ನೋಂದಣಿ ಬೇಕು, ದರಪಟ್ಟಿ ಗೋಡೆಯಲ್ಲಿ ತೂಗಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ಜನ ಹೋಗಿ ಬಾಗಿಲು ತಟ್ಟುತ್ತಾರೆ. ಮೊಬೈಲಿನ ಡಾಕ್ಟರಿಗೆ ಬಾಗಿಲು ಎಲ್ಲಿ? ಚೀಟಿಯಲ್ಲಿರುವ ನೋಂದಣಿ ನಂಬರು ಬೇರೆ ರಾಜ್ಯದ್ದಾದರೆ ಡಾಕ್ಟರ ಮೇಲಿನ ದೂರು ಹೋಗಬೇಕಾದದ್ದು ಆ ರಾಜ್ಯದ ಮೆಡಿಕಲ್ ಕೌನ್ಸಿಲಿಗೆ. ದುಡ್ಡು ಮತ್ತು ನಷ್ಟದ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಕಂಪೆನಿ ದಿಲ್ಲಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ತಾನು ವಾಸವಾಗಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೆ ಚೀಟಿ, ಬಿಲ್ಲು, ಪ್ರಶ್ನೆಗಳಿಗೆ ಒತ್ತಿದ ಉತ್ತರದ ಪ್ರತಿ, ಬಾಟ್ಲಿಯ ಮೇಲಿನ ಬ್ಯಾಚ್ ನಂಬರು, ಇಷ್ಟು ಕೈಯಲ್ಲಿರಬೇಕು. ಗುಟ್ಟಾಗಿ ತರಿಸಿದವರು ಮೊದಲು ಅಳಿಸಿ ಹಾಕುವುದೂ ಇವನ್ನೇ.